ದ್ರಾಕ್ಷಿಯ ಹುಳಿ, ಸಾರಿನ ಖಾರ

ವಾರಾಂತ್ಯದಲ್ಲಿ ನಾಲ್ಕಾರು ಮಂದಿ ಆಪ್ತರನ್ನು ಮನೆಗೆ ಕರೆದು, ಮನೆಯಲ್ಲೇ ಮಾಡಿದ ಅಡುಗೆಯ ಜೊತೆಗೆ ವೈನ್ ಕೊಡುವ ರೂಢಿ ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ಈಚಿನ ವರ್ಷಗಳಲ್ಲಿ ಬೆಳೆಯುತ್ತಿದೆ. ಕೊಡಗಿನ ಮನೆಗಳಲ್ಲಿಯೂ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿಯೂ ಮನೆಯಲ್ಲೇ ಹುದುಗಿಸಿದ ಹಣ್ಣಿನ ವೈನ್ ಅದಕ್ಕಿಂತ ಎಷ್ಟೋ ಹಿಂದಿನಿಂದ ಹಬ್ಬದೂಟದ ಭಾಗವಾಗಿದೆ. ಆದರೆ ಇಂತಹ ಊಟವನ್ನು ಯೋಜಿಸುವವರು ನೆಚ್ಚಿಕೊಳ್ಳುವ ಸೂತ್ರಗಳು ಬಹುಮಟ್ಟಿಗೆ ಯುರೋಪಿನ ಅಡುಗೆಮನೆಯಿಂದ ಬಂದವು: ಮೀನು, ಕೋಳಿಗೆ ಬಿಳಿ ವೈನ್, ಕುರಿ, ದನದ ಮಾಂಸಕ್ಕೆ ಕೆಂಪು ವೈನ್. ಬೆಣ್ಣೆಯಲ್ಲಿ ಬಾಡಿಸಿ, ಚೂರು ಉಪ್ಪು ಉದುರಿಸಿ ಬಡಿಸುವ ಮೀನನ್ನು ಎದುರಿಗಿಟ್ಟುಕೊಂಡು ರೂಪುಗೊಂಡ ಈ ಸೂತ್ರ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ತೆಂಗಿನಕಾಯಿ ಅರೆದು ಕುದಿಸಿದ ಮೀನಿನ ಸಾರಿನ ಮುಂದೆ ಸೋಲುತ್ತದೆ. ಕನ್ನಡ ನಾಡಿನ ಅಡುಗೆಗಳಲ್ಲಿ ನಾಲಿಗೆಗೆ ಮೊದಲು ತಾಗುವುದು ಮಸಾಲೆ, ಅದರಲ್ಲಿ ಬೆಂದ ಮಾಂಸವೋ ತರಕಾರಿಯೋ ಆಮೇಲಿನ ಮಾತು. ಆದ್ದರಿಂದ ಇಲ್ಲಿಯ ಊಟಕ್ಕೆ ವೈನ್ ಆರಿಸುವಾಗ ಸಾರಿನಲ್ಲಿ ಹುಳಿ ಎಷ್ಟು, ಖಾರ ಎಷ್ಟು, ಕೊಬ್ಬು ಎಷ್ಟು ಎಂಬ ಲೆಕ್ಕವೇ ಮೊದಲು ಬರಬೇಕು. ಯಾವ ಪ್ರಾಣಿಯ ಮಾಂಸ ಎಂಬ ಪ್ರಶ್ನೆಯನ್ನು ಬದಿಗಿಟ್ಟರೂ ನಷ್ಟವಿಲ್ಲ.

ಈ ಲೆಕ್ಕ ಅರ್ಥವಾಗಬೇಕಾದರೆ ವೈನ್‌ನಲ್ಲಿ ಏನೇನಿದೆ ಎಂಬುದು ತಿಳಿದಿರಬೇಕು. ದ್ರಾಕ್ಷಿರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುಗಡೆ ಮಾಡುತ್ತದೆ. ಅನಿಲ ಹಾರಿಹೋಗಿ, ಸಾಮಾನ್ಯವಾಗಿ ಶೇ 11ರಿಂದ 14.5ರಷ್ಟು ಮದ್ಯಸಾರವಿರುವ ವೈನ್ ಉಳಿಯುತ್ತದೆ. ಸಕ್ಕರೆಯೆಲ್ಲ ಹೆಚ್ಚುಕಡಿಮೆ ಖರ್ಚಾಗಿ ಹೋಗಿದ್ದರೆ ಅದು ಡ್ರೈ ವೈನ್, ಸ್ವಲ್ಪ ಸಕ್ಕರೆ ಉಳಿದಿದ್ದರೆ ಆಫ್-ಡ್ರೈ, ಅಂದರೆ ಎಳೆ ಸಿಹಿಯ ವೈನ್. ಕಪ್ಪು ದ್ರಾಕ್ಷಿಯನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಿಸಿದರೆ ಕೆಂಪು ವೈನ್ ಆಗುತ್ತದೆ. ರಸವನ್ನು ಮೊದಲೇ ಹಿಂಡಿ ಸಿಪ್ಪೆಯಿಂದ ಬೇರ್ಪಡಿಸಿ ಹುದುಗಿಸಿದರೆ ಬಿಳಿ ವೈನ್. ಕಪ್ಪು ದ್ರಾಕ್ಷಿಯ ಸಿಪ್ಪೆಯ ಜೊತೆ ರಸವನ್ನು ಕೆಲವೇ ಗಂಟೆ ಬಿಟ್ಟು ಬೇರ್ಪಡಿಸಿದರೆ ಗುಲಾಬಿ ಬಣ್ಣದ ರೋಸೆ. ಸಿಪ್ಪೆ, ಬೀಜಗಳಿಂದ ಬಣ್ಣದ ಜೊತೆಗೆ ಟ್ಯಾನಿನ್ ಎಂಬ ಒಗರು ಪದಾರ್ಥವೂ ಇಳಿಯುತ್ತದೆ. ಅಡಿಕೆಯ ಚೊಗರಿನಲ್ಲಿ, ಬಲಿಯದ ಬಾಳೆಕಾಯಿಯಲ್ಲಿ ಇರುವುದೂ ಇದೇ ಗುಂಪಿನ ಪದಾರ್ಥ. ಅದು ಎಂಜಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುತನವನ್ನು ಕಳೆಯುವುದರಿಂದ ಬಾಯಿ ಒಣಗಿ ಬಿಗಿದಂತಾಗುತ್ತದೆ. ಹೀಗೆ ಹುಳಿ, ಒಗರು, ಸಿಹಿ, ಮದ್ಯಸಾರದ ಬಿಸುಪು, ಈ ನಾಲ್ಕೂ ಬೇರೆಬೇರೆ ಪ್ರಮಾಣದಲ್ಲಿ ಸೇರಿ ಒಂದೊಂದು ವೈನ್‌ಗೆ ಒಂದೊಂದು ಸ್ವಭಾವ ಬರುತ್ತದೆ.

ಇವುಗಳಲ್ಲಿ ಹುಳಿಯ ಸಂಗತಿ ಕನ್ನಡದ ಓದುಗರಿಗೆ ವಿಶೇಷವಾಗಿ ಆಸಕ್ತಿಕರವಾದುದು. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು, ಮೊಸರಿನದು ಲ್ಯಾಕ್ಟಿಕ್ ಆಮ್ಲದ್ದು. ದ್ರಾಕ್ಷಿಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಈ ಆಮ್ಲ ಹೆಚ್ಚಿನ ಹಣ್ಣುಗಳಲ್ಲಿ ಗಣನೀಯವಾಗಿ ಇರುವುದಿಲ್ಲ, ಆದರೆ ಹುಣಸೆಹಣ್ಣಿನ ತಿರುಳಿನಲ್ಲಿ ಪ್ರಧಾನವಾಗಿ ಇರುವುದು ಇದೇ. ಬಿಳಿ ವೈನ್ ಬಾಟಲಿಯನ್ನು ಕೆಲವು ದಿನ ಫ್ರಿಜ್‌ನಲ್ಲಿಟ್ಟಾಗ ತಳದಲ್ಲಿ ಒಮ್ಮೊಮ್ಮೆ ಕಾಣಿಸುವ ಸಕ್ಕರೆ ಹರಳಿನಂತಹ ಕಣಗಳು ಈ ಆಮ್ಲದ ಪೊಟ್ಯಾಸಿಯಂ ಲವಣ. ಅದು ಕೆಟ್ಟ ವೈನ್‌ನ ಗುರುತಲ್ಲ, ಕುಡಿದರೆ ತೊಂದರೆಯೂ ಇಲ್ಲ. ಹುಣಸೆಯೂ ದ್ರಾಕ್ಷಿಯೂ ಒಂದೇ ಆಮ್ಲದ ಹಣ್ಣುಗಳಾದ್ದರಿಂದ ಹುಣಸೆ ಹಾಕಿದ ಅಡುಗೆಗೆ ವೈನ್ ತಾನಾಗಿಯೇ ಹೊಂದುತ್ತದೆ ಎಂದು ಯಾರಾದರೂ ಊಹಿಸಿದರೆ ಅದು ಸಹಜ, ಆದರೆ ನಾಲಿಗೆಯ ಲೆಕ್ಕ ಬೇರೆ. ಹುಳಿಯಾದ ತುತ್ತನ್ನು ನುಂಗಿದ ಮೇಲೆ ನಾಲಿಗೆ ಹುಳಿಗೆ ಒಗ್ಗಿಕೊಂಡಿರುತ್ತದೆ. ಆಗ ಕುಡಿದ ವೈನ್‌ನಲ್ಲಿ ಸಾರಿಗಿಂತ ಕಡಿಮೆ ಹುಳಿಯಿದ್ದರೆ ಅದು ಜೀವವಿಲ್ಲದೆ ಸಪ್ಪೆಯೆನಿಸುತ್ತದೆ, ಹೆಚ್ಚು ಹುಳಿಯಿದ್ದರೆ ಹದವಾಗಿ, ಹಣ್ಣಿನ ಪರಿಮಳದೊಂದಿಗೆ ತೆರೆದುಕೊಳ್ಳುತ್ತದೆ. ವೈನ್‌ನ ಹುಳಿ ತಟ್ಟೆಯ ಹುಳಿಗೆ ಸಮವಾಗಿರಬೇಕು, ಇಲ್ಲವೇ ಒಂದು ಕೂದಲಷ್ಟು ಮುಂದಿರಬೇಕು ಎಂಬುದು ಇದರಿಂದ ಹುಟ್ಟುವ ನಿಯಮ. ಗಟ್ಟಿಯಾಗಿ ಹುಣಸೆ ಕಿವುಚಿ ಹಾಕಿದ ಗೊಜ್ಜು, ಹುಳಿಗಳಂತಹ ಅಡುಗೆಗಳ ಮುಂದೆ ಯಾವ ವೈನ್ ಸಹ ನಿಲ್ಲುವುದಿಲ್ಲವಾದ್ದರಿಂದ ವೈನ್ ಇರುವ ದಿನ ಅವನ್ನು ಬಿಡುವುದೇ ಲೇಸು. ಅವುಗಳ ಘನತೆಗೂ ಅದರಿಂದ ಕುಂದಿಲ್ಲ.

ಖಾರದ ಸಂಗತಿ ಇದಕ್ಕಿಂತ ಕಠಿಣ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಪದಾರ್ಥ ನಾಲಿಗೆಯ ರುಚಿಮೊಗ್ಗುಗಳನ್ನು ಮುಟ್ಟುವುದಿಲ್ಲ. ಅದು ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಎಚ್ಚರಿಸುತ್ತದೆ, ಹಾಗಾಗಿ ತಣ್ಣಗಿರುವ ಚಟ್ನಿಯೂ ಬಾಯನ್ನು ಸುಟ್ಟಂತೆ ಭಾಸವಾಗುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು. ಮದ್ಯಸಾರ ಇದೇ ಗ್ರಾಹಕದ ಸಂವೇದನೆಯನ್ನು ಹೆಚ್ಚಿಸುತ್ತದೆ. ಅಂದರೆ ಸಾಮಾನ್ಯವಾಗಿ ಬಿಸಿ ಎನಿಸದಷ್ಟು ಶಾಖವೂ ಆಗ ಉರಿಯಂತೆ ತೋರುತ್ತದೆ. ಕ್ಯಾಪ್ಸೈಸಿನ್ ಮದ್ಯಸಾರದಲ್ಲಿ ಕರಗುವುದು ನಿಜವಾದರೂ ವೈನ್‌ನಲ್ಲಿರುವ ಶೇ 13ರಷ್ಟು ಮದ್ಯಸಾರಕ್ಕೆ ಬಾಯಿಯ ಖಾರವನ್ನು ತೊಳೆಯುವ ಶಕ್ತಿಯಿಲ್ಲ, ಕೆರಳಿಸುವ ಶಕ್ತಿ ಮಾತ್ರ ಇದೆ. ಇದರ ಮೇಲೆ ಟ್ಯಾನಿನ್‌ನ ಒಗರೂ ಸೇರಿದರೆ ಉರಿಯುವ ನಾಲಿಗೆಗೆ ಅದು ಇನ್ನಷ್ಟು ಒರಟಾಗಿ ತಾಗುತ್ತದೆ. ಗುಂಟೂರು ಮೆಣಸಿನಕಾಯಿ ಹಾಕಿದ ಕೋಳಿ ಸಾರಿನ ಜೊತೆ ಗಡುಸಾದ ಕ್ಯಾಬರ್ನೆ ಸಾವಿನ್ಯೋಂ ಕುಡಿದವರು ವೈನ್ ಕಹಿಯಾಗಿದೆಯೆಂದು ದೂರುವುದಕ್ಕೆ ಕಾರಣ ಇದು. ಅಂತಹ ಊಟಕ್ಕೆ ಮದ್ಯಸಾರವೂ ಒಗರೂ ಕಡಿಮೆಯಿರುವ, ಎಳೆ ಸಿಹಿಯಿರುವ, ತಣ್ಣಗಿನ ಬಿಳಿ ವೈನ್ ಅಥವಾ ರೋಸೆ ವಾಸಿ. ಸಕ್ಕರೆ ಉರಿಯನ್ನು ತಗ್ಗಿಸುತ್ತದೆ, ತಂಪು ಆ ಗ್ರಾಹಕವನ್ನು ತುಸು ಹೊತ್ತು ಸುಮ್ಮನಾಗಿಸುತ್ತದೆ.

ಖಾರವನ್ನು ಕಡಿಮೆ ಮಾಡಿದರೆ ಅಡುಗೆ ಸಪ್ಪೆಯಾಗುತ್ತದೆ ಎಂಬ ಅಳುಕಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಲ್ಲಿಯೇ ಉತ್ತರವಿದೆ. ಸುಕ್ಕುಗಟ್ಟಿದ ಸಿಪ್ಪೆಯ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಾಯಿ ಗಾಢವಾದ ಬಣ್ಣವನ್ನೂ ಪರಿಮಳವನ್ನೂ ಕೊಡುತ್ತದೆ, ಉರಿಯನ್ನು ಮಾತ್ರ ಅಷ್ಟಾಗಿ ಕೊಡುವುದಿಲ್ಲ. ವೈನ್ ಇರುವ ಊಟಕ್ಕೆ ಗುಂಟೂರನ್ನು ಬಿಟ್ಟು ಬ್ಯಾಡಗಿಯನ್ನಷ್ಟೇ ಹುರಿದು ಅರೆದರೆ ಸಾರಿನ ಬಣ್ಣವೂ ಉಳಿಯುತ್ತದೆ, ಲೋಟದಲ್ಲಿರುವುದರ ರುಚಿಯೂ ತಿಳಿಯುತ್ತದೆ. ತೆಂಗಿನಹಾಲು, ತುಪ್ಪ, ಮಾಂಸದ ಕೊಬ್ಬು ಇವೆಲ್ಲ ಕ್ಯಾಪ್ಸೈಸಿನ್ ಅನ್ನು ಕರಗಿಸಿಕೊಳ್ಳುವುದರಿಂದ ಖಾರದ ಮೊನಚನ್ನು ಮೊಂಡಾಗಿಸುತ್ತವೆ ಎಂಬುದನ್ನೂ ಅಡುಗೆಯವರು ನೆನಪಿನಲ್ಲಿಡಬೇಕು.

ಇನ್ನೊಂದು ಮೂಲಭೂತ ವ್ಯತ್ಯಾಸ ಊಟ ಬಡಿಸುವ ಕ್ರಮದ್ದು. ಫ್ರಾನ್ಸಿನಲ್ಲಿ ಊಟ ಒಂದಾದ ಮೇಲೊಂದು ಬರುವ ತಟ್ಟೆಗಳ ಸರಣಿ. ಆರಂಭದ ತಿನಿಸು, ಮುಖ್ಯ ಖಾದ್ಯ, ಚೀಸ್, ಸಿಹಿ ಎಂಬ ಕ್ರಮವೂ ಪ್ರತಿ ತಟ್ಟೆಗೆ ಹೊಂದುವ ವೈನ್ ಆರಿಸುವ ಪದ್ಧತಿಯೂ ಸೇರಿದಂತೆ ಅಲ್ಲಿಯ ಊಟದ ಸಂಪ್ರದಾಯವನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಳೆ ಎಲೆಯ ಊಟದಲ್ಲಿ ಕೋಸಂಬರಿ, ಪಲ್ಯ, ಗೊಜ್ಜು, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಏಕಕಾಲದಲ್ಲಿ ಎದುರಿಗಿರುತ್ತವೆ, ಉಣ್ಣುವವರು ಪ್ರತಿ ತುತ್ತಿಗೂ ತಮಗೆ ಬೇಕಾದಂತೆ ಕಲಸಿಕೊಳ್ಳುತ್ತಾರೆ. ಆ ವೈವಿಧ್ಯವೇ ಎಲೆಯೂಟದ ಸೊಗಸು. ಆದರೆ ವೈನ್ ಅಷ್ಟು ರುಚಿಗಳಿಗೆ ಒಟ್ಟಿಗೆ ಉತ್ತರ ಕೊಡಲಾರದು. ಎಲೆಯ ತುದಿಯಲ್ಲಿರುವ ಒಂದು ಹೋಳು ಮಿಡಿ ಉಪ್ಪಿನಕಾಯಿ ಸಾಕು, ಮುಂದಿನ ನಾಲ್ಕು ಗುಟುಕುಗಳ ರುಚಿ ಕೆಡುತ್ತದೆ. ಆದ್ದರಿಂದ ಎಂಟು ಹತ್ತು ಬಗೆ ಮಾಡುವ ಆತಿಥ್ಯದ ಹುರುಪನ್ನು ಹಿಡಿತದಲ್ಲಿಟ್ಟು, ಒಂದು ಕುರುಕಲು, ಒಂದು ಮುಖ್ಯ ಖಾದ್ಯ, ಅದಕ್ಕೆ ಜೊತೆಯಾಗುವ ಅಕ್ಕಿಯದೋ ರಾಗಿಯದೋ ಒಂದು ಪದಾರ್ಥ, ಇಷ್ಟಕ್ಕೆ ನಿಲ್ಲಿಸುವುದು ಈ ಯೋಜನೆಯ ಅತ್ಯಂತ ಕಷ್ಟದ, ಆದರೆ ಅತ್ಯಂತ ಅಗತ್ಯದ ನಿರ್ಧಾರ. ಕಡಿಮೆ ಬಗೆಗಳಿದ್ದರೆ ಅಡುಗೆ ಮಾಡಿದವರೂ ಅತಿಥಿಗಳ ಜೊತೆ ಕುಳಿತು ಉಣ್ಣಬಹುದು. ಒಲೆಯ ಮುಂದೆ ಒಬ್ಬರನ್ನು ನಿಲ್ಲಿಸಿ ಉಳಿದವರು ಉಣ್ಣುವ ಊಟವನ್ನು ಒಳ್ಳೆಯ ಊಟವೆಂದು ಕರೆಯುವುದು ಕಷ್ಟ.

ಈ ಎಲ್ಲ ಷರತ್ತುಗಳಿಗೂ ಒಪ್ಪುವ ಊಟವೊಂದು ಕರ್ನಾಟಕದಲ್ಲಿಯೇ ಸಿದ್ಧವಾಗಿದೆ. ಕೊಡಗಿನ ಪಂದಿ ಕರಿ ಮತ್ತು ಕಡಂಬುಟ್ಟು, ಅಂದರೆ ಹಂದಿಮಾಂಸದ ಗಟ್ಟಿ ಸಾರು ಮತ್ತು ಅಕ್ಕಿತರಿಯ ಉಂಡೆ ಕಡುಬು, ವೈನ್ ಜೊತೆಗಿನ ಭಾನುವಾರದ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದಂತಹ ಜೋಡಿ. ಅದರ ಖಾರದಲ್ಲಿ ದೊಡ್ಡ ಪಾಲು ಕಾಳುಮೆಣಸಿನದು. ಕಾಳುಮೆಣಸಿನ ಪೈಪರಿನ್ ಕೂಡ ಟಿಆರ್‌ಪಿವಿ1 ಗ್ರಾಹಕವನ್ನೇ ಎಚ್ಚರಿಸುತ್ತದಾದರೂ ಕ್ಯಾಪ್ಸೈಸಿನ್‌ಗಿಂತ ಬಹಳ ಮೃದುವಾಗಿ. ಚರ್ಮ, ಕೊಬ್ಬಿನ ಸಮೇತ ಬೇಯಿಸುವ ಮಾಂಸ ವೈನ್‌ನ ಒಗರನ್ನು ತಡೆದುಕೊಳ್ಳುತ್ತದೆ. ಎಂಜಲಿನ ಪ್ರೋಟೀನನ್ನು ಹಿಡಿಯಬೇಕಾಗಿದ್ದ ಟ್ಯಾನಿನ್ ಮಾಂಸದ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ, ಕೊಬ್ಬು ನಾಲಿಗೆಗೆ ಜಾರುತನವನ್ನು ಮರಳಿಸುತ್ತದೆ. ಹುಳಿಗೆ ಹುಣಸೆಯ ಬದಲು ಕಾಚಂಪುಳಿ ಬಳಸಲಾಗುತ್ತದೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಕಳಿತ ಹಣ್ಣುಗಳನ್ನು ರಾಶಿ ಹಾಕಿ, ತಾನಾಗಿ ಸೋರುವ ರಸವನ್ನು ಪಾತ್ರೆಯಲ್ಲಿ ಹಿಡಿದು, ಕಪ್ಪಗಾಗುವವರೆಗೆ ಕುದಿಸಿ ಇಂಗಿಸಿದಾಗ ದೊರೆಯುವ ಈ ದ್ರವವನ್ನು ಸಾರು ಇಳಿಸುವ ಮುನ್ನ ಚಮಚದ ಲೆಕ್ಕದಲ್ಲಿ ಹಾಕುವುದರಿಂದ ಹುಳಿಯನ್ನು ಕಡೆಯ ಕ್ಷಣದವರೆಗೂ ಹದ್ದುಬಸ್ತಿನಲ್ಲಿ ಇಡಬಹುದು. ಮೊದಲು ಒಂದು ಚಮಚ ಹಾಕಿ ರುಚಿ ನೋಡಿ, ವೈನ್‌ನ ಒಂದು ಗುಟುಕನ್ನೂ ನೋಡಿ, ಆಮೇಲೆ ಎರಡನೆಯ ಚಮಚ ಬೇಕೇ ಎಂದು ತೀರ್ಮಾನಿಸುವ ಅವಕಾಶ ಇಲ್ಲಿದೆ.

ಇದಕ್ಕೆ ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನ್ ಒಪ್ಪುತ್ತದೆ. ಶಿರಾಜ್‌ನಲ್ಲಿ ಕಾಳುಮೆಣಸಿನ ವಾಸನೆ ಇದೆಯೆಂದು ವೈನ್ ಬಲ್ಲವರು ಬಹುಕಾಲದಿಂದ ಹೇಳುತ್ತಿದ್ದರು. ಅದು ಬರಿಯ ಹೋಲಿಕೆಯ ಮಾತಲ್ಲ ಎಂಬುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ರೊಟಂಡೋನ್ ಎಂಬ ಪರಿಮಳದ ಅಣು ಆ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇದೆ, ಕಾಳುಮೆಣಸಿನಲ್ಲಿಯೂ ಇದೆ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದರ ವಾಸನೆ ಗೊತ್ತೇ ಆಗುವುದಿಲ್ಲವೆಂದೂ, ತಂಪು ಸೀಮೆಯ ಶಿರಾಜ್‌ನಲ್ಲಿ ಅದು ಹೆಚ್ಚಾಗಿ, ಬಿಸಿಲ ಸೀಮೆಯದರಲ್ಲಿ ಕಡಿಮೆಯಾಗಿ ಇರುತ್ತದೆಂದೂ ತಿಳಿದುಬಂದಿದೆ. ಹೀಗಾಗಿ ಕರ್ನಾಟಕದ ಎಲ್ಲ ಶಿರಾಜ್‌ಗಳಲ್ಲಿ ಮೆಣಸಿನ ವಾಸನೆಯನ್ನು ಹುಡುಕಬೇಕಾಗಿಲ್ಲ. ಪರಿಮಳದ ಅಣುಗಳು ಹೊಂದಿದ ಮಾತ್ರಕ್ಕೆ ಊಟ ಹೊಂದಬೇಕೆಂದೂ ಇಲ್ಲ. ಇಲ್ಲಿ ನಿಜವಾಗಿ ಕೆಲಸ ಮಾಡುವುದು ಕೊಬ್ಬಿಗೂ ಒಗರಿಗೂ ಇರುವ ನಂಟು, ಮೆಣಸಿನ ಪರಿಮಳ ಅದರ ಮೇಲೆ ದೊರೆಯುವ ಲಾಭ.

ಅಡುಗೆಯ ಕೆಲಸವನ್ನು ಶನಿವಾರ ಮತ್ತು ಭಾನುವಾರಕ್ಕೆ ಹಂಚಿಕೊಳ್ಳುವುದು ಈ ಖಾದ್ಯದ ಸ್ವಭಾವಕ್ಕೇ ಒಪ್ಪುವಂತಹದು. ಆರು ಮಂದಿಗೆ ಕೊಬ್ಬು ಸೇರಿದ ಒಂದೂವರೆ ಕಿಲೊ ಮಾಂಸ ಸಾಕಾಗುತ್ತದೆ. ಅದನ್ನು ಸಣ್ಣ ತುಂಡುಗಳಾಗಿಸಿ ಉಪ್ಪು, ಅರಿಸಿನ, ಚೂರು ಮೆಣಸಿನಪುಡಿ ಹಚ್ಚಿ ಇಡುವಷ್ಟರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಒಂದೆರಡು ಹಸಿಮೆಣಸಿನಕಾಯಿಗಳನ್ನು ತರಿತರಿಯಾಗಿ ಅರೆದುಕೊಳ್ಳಬಹುದು. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಸಾಸಿವೆ, ಕೆಲವೇ ಕಾಳು ಮೆಂತ್ಯ, ಇವನ್ನು ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಡುಗಂದು ಬಣ್ಣ ಬರುವವರೆಗೆ ಹುರಿಯುವುದು ಈ ಸಾರಿನ ಪ್ರಾಣ. ಹೊಂಬಣ್ಣಕ್ಕೆ ನಿಲ್ಲಿಸಿದರೆ ಸಾರಿಗೆ ಕಪ್ಪು ಮೈ ಬರುವುದಿಲ್ಲ, ಸೀದರೆ ಕಹಿಯಾಗಿ ವೈನ್‌ನ ಒಗರಿನ ಜೊತೆ ಸೇರಿ ಬಾಯಿಗೆ ಹತ್ತುವುದಿಲ್ಲ. ಕೊತ್ತಂಬರಿ ಬೀಜದ ಹಸಿ ವಾಸನೆ ಹೋಗಿ, ಹೊಗೆ ಏಳುವುದಕ್ಕೆ ಒಂದು ಕ್ಷಣ ಮೊದಲು ಇಳಿಸಿ, ಬಿಸಿ ಬಾಣಲೆಯಿಂದ ಕೂಡಲೇ ತಟ್ಟೆಗೆ ಸುರಿಯಬೇಕು, ಏಕೆಂದರೆ ಕಬ್ಬಿಣದ ಬಾಣಲೆ ಒಲೆಯಿಂದ ಇಳಿದ ಮೇಲೂ ಹುರಿಯುತ್ತಲೇ ಇರುತ್ತದೆ. ಮಾಂಸ ತನ್ನ ಕೊಬ್ಬಿನಲ್ಲೇ ಬೆಂದು ಮೆತ್ತಗಾಗುವ ಹೊತ್ತಿಗೆ ಈ ಪುಡಿಯನ್ನು ಬೆರೆಸಿ, ಕೊನೆಯಲ್ಲಿ ಕಾಚಂಪುಳಿ ಹಾಕಬೇಕು.

ಪಂದಿ ಕರಿ ಮರುದಿನ ಹೆಚ್ಚು ರುಚಿ ಎಂಬ ಅನುಭವಕ್ಕೆ ಕಾರಣಗಳಿವೆ. ಚರ್ಮ ಮತ್ತು ಸ್ನಾಯುಗಳ ನಡುವಿನ ಕೊಲಾಜೆನ್ ಎಂಬ ಗಡುಸು ಪದಾರ್ಥ ನಿಧಾನದ ಬೇಯಿಸುವಿಕೆಯಲ್ಲಿ ಜೆಲಟಿನ್ ಆಗಿ ಕರಗುತ್ತದೆ, ರಾತ್ರಿ ತಣಿದಾಗ ಸಾರನ್ನು ಗಟ್ಟಿಯಾಗಿಸಿ ಮಸಾಲೆಯನ್ನು ಮಾಂಸಕ್ಕೆ ಹಿಡಿಸುತ್ತದೆ; ಬಿಡಿಬಿಡಿಯಾಗಿ ನಾಲಿಗೆಗೆ ಚುಚ್ಚುತ್ತಿದ್ದ ಹುಳಿ, ಖಾರಗಳು ಒಂದಾಗುತ್ತವೆ. ಶನಿವಾರ ಸಂಜೆ ಮಾಡಿದ ಸಾರು ಆರಿದೊಡನೆ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಕೊಬ್ಬಿನ ಕೆನೆ ಹೆಪ್ಪುಗಟ್ಟಿರುತ್ತದೆ. ಬೇಡವೆನಿಸಿದಷ್ಟನ್ನು ತೆಗೆಯಬಹುದು, ಆದರೆ ಪೂರ್ತಿ ತೆಗೆದರೆ ಶಿರಾಜ್‌ನ ಒಗರಿಗೆ ಆಸರೆ ತಪ್ಪುತ್ತದೆ. ಭಾನುವಾರಕ್ಕೆ ಉಳಿಯುವುದು ಕಡಂಬುಟ್ಟಿನ ಕೆಲಸ ಮಾತ್ರ: ಅಕ್ಕಿತರಿಯ ಎರಡರಷ್ಟಕ್ಕಿಂತ ತುಸು ಹೆಚ್ಚು ನೀರನ್ನು ಉಪ್ಪು ಹಾಕಿ ಕುದಿಸಿ, ತರಿ ಸುರಿದು ಗಂಟಾಗದಂತೆ ಕೆದಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ಕೈಗೆ ತಡೆಯುವಷ್ಟು ಆರಿದಾಗ ನಿಂಬೆ ಗಾತ್ರದ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಉಪ್ಪು ಬಿಟ್ಟರೆ ಬೇರಾವ ರುಚಿಯೂ ಇಲ್ಲದ ಈ ಕಡುಬು ಎರಡು ಗುಟುಕುಗಳ ನಡುವೆ ನಾಲಿಗೆಯನ್ನು ಹಸನು ಮಾಡುವ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ.

ಅದೇ ಪಂಕ್ತಿಯಲ್ಲಿ ಮಾಂಸ ತಿನ್ನದವರು ಇದ್ದರೆ ಬೇರೆಯೇ ಅಡುಗೆ ಹೂಡುವ ಬದಲು ಅದೇ ಹುರಿದ ಪುಡಿ, ಅದೇ ಕಾಚಂಪುಳಿಯಲ್ಲಿ ಪ್ರತ್ಯೇಕ ಪಾತ್ರೆಯಲ್ಲಿ ಅಣಬೆ ಬೇಯಿಸಬಹುದು. ಮಳೆಗಾಲದ ಕೊಡಗಿನಲ್ಲಿ ಅಣಬೆಯ ಸಾರಿಗೆ ತನ್ನದೇ ಸ್ಥಾನವಿದೆ. ಅಣಬೆಯಲ್ಲಿ ಗ್ಲುಟಮೇಟ್ ಎಂಬ ಪದಾರ್ಥದಿಂದ ಬರುವ, ಉಮಾಮಿ ಎಂದು ಜಪಾನೀಯರು ಹೆಸರಿಸಿದ ರುಚಿ ಟ್ಯಾನಿನ್‌ನ ಕಹಿಯನ್ನು ಎತ್ತಿ ತೋರಿಸುವ ಗುಣವುಳ್ಳದ್ದು. ಅದಕ್ಕೆ ಮದ್ದು ಸುಲಭ: ಉಪ್ಪು, ಹುಳಿಗಳನ್ನು ಹಿಂಜರಿಯದೆ ಹದಕ್ಕೆ ತಂದು, ಒಂದು ಚಮಚ ತುಪ್ಪ ಹಾಕಿದರೆ ಕೆಂಪು ವೈನ್ ಮತ್ತೆ ಮೆತ್ತಗಾಗುತ್ತದೆ. ಡಿಸೆಂಬರ್‌ನಿಂದ ಮುಂದಿನ ಅವರೆಕಾಯಿ ಕಾಲದಲ್ಲಾದರೆ ಹಿತಕಿದ ಬೇಳೆಯ ಸಾರು, ಅಕ್ಕಿರೊಟ್ಟಿಗೆ ಶೆನಾಂ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ವೈನ್ ಚೆನ್ನಾಗಿ ಹೊಂದುತ್ತದೆ.

ಊಟಕ್ಕೆ ಮೊದಲಿನ ಕುರುಕಲಿಗೆ ಮದ್ದೂರು ವಡೆಯೋ ನಿಪ್ಪಟ್ಟೋ, ಜೊತೆಗೆ ನಿಂಬೆ ಹಿಂಡಿದ ಸೌತೆಕಾಯಿ ಕೋಸಂಬರಿ ಸಾಕು. ಕರಿದದ್ದರ ಎಣ್ಣೆಯನ್ನೂ ಉಪ್ಪನ್ನೂ ಹುಳಿಯಾದ ತಣ್ಣಗಿನ ಬಿಳಿ ವೈನ್ ಬಾಯಿಯಿಂದ ಒರೆಸಿಹಾಕುತ್ತದೆ. ಸಾವಿನ್ಯೋಂ ಬ್ಲಾಂ ಎಂಬ ದ್ರಾಕ್ಷಿಯ ವೈನ್‌ನಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆ ಇದೆ; ಆ ವಾಸನೆಗೆ ಕಾರಣವಾದ ಮೆಥಾಕ್ಸಿಪೈರಜಿನ್ ಎಂಬ ಅಣುಗಳು ಎರಡರಲ್ಲೂ ಇರುವುದರಿಂದ, ಕೋಸಂಬರಿಗೆ ಆ ಕಾಯಿಯನ್ನೂ ಸಣ್ಣಗೆ ಹೆಚ್ಚಿ ಹಾಕಿದರೆ ಚೆನ್ನ.

ಈ ವೈನ್‌ಗಳಿಗಾಗಿ ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಉದ್ಯಮಿ ಕಂವಲ್ ಗ್ರೋವರ್ 1980ರ ದಶಕದ ಕೊನೆಯಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಡಿಸಿದರು. ಬೋರ್ಡೋ ಸೀಮೆಯ ಹೆಸರಾಂತ ವೈನ್ ತಜ್ಞ ಮಿಷೆಲ್ ರೊಲಾಂ ಮುಂದಿನ ದಶಕದಲ್ಲಿ ಅವರ ಸಂಸ್ಥೆಗೆ ಸಲಹೆಗಾರರಾದರು. ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಬೆಟ್ಟಗಳ ಕಡೆ ಕ್ರಿಸ್ಮಾ ಎಂಬ ದ್ರಾಕ್ಷಿತೋಟವಿದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿ ವೈನ್ ಮಂಡಳಿಯನ್ನು ಸ್ಥಾಪಿಸಿತು. ಉಷ್ಣವಲಯದಲ್ಲಿ ದ್ರಾಕ್ಷಿಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ, ಆದ್ದರಿಂದ ವಿಜಯಪುರದ ಬೆಳೆಗಾರರು ಚಾಟ್ನಿ ಎಂದು ಕರೆಯುವ ಸವರುವ ಕೆಲಸ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು, ಮಳೆ ಹಿಂದೆಗೆದ ಮೇಲೆ ಹಣ್ಣು ಬಿಡಲೆಂದು. ಕೊಯ್ಲು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯುತ್ತದೆ. ನಂದಿಯಂತಹ ಎತ್ತರದ ನೆಲದಲ್ಲಿ ಆ ತಿಂಗಳುಗಳ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಪಾಡುತ್ತವೆ, ಮತ್ತು ಮೇಲೆ ಹೇಳಿದ ಲೆಕ್ಕದಲ್ಲಿ ನಮ್ಮ ಸಾರುಗಳಿಗೆ ಬೇಕಾದದ್ದು ಆ ಹುಳಿಯೇ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಆ ಫ್ರೆಂಚ್ ತಳಿಗಳಿಗಿಂತ ಬೇರೆ ಜಾತಿಗೆ ಸೇರಿದ್ದು. ಅದರ ಗಾಢ ವಾಸನೆ ತಾಜಾ ರಸಕ್ಕೂ ಮನೆಯ ಸಿಹಿ ವೈನ್‌ಗೂ ಚೆಂದ, ಡ್ರೈ ವೈನ್‌ಗೆ ಅಷ್ಟಾಗಿ ಒಗ್ಗದು. ಅಂಗಡಿಯಲ್ಲಿ ಕೊಳ್ಳುವಾಗ ಬೆಲೆಗಿಂತ ಮೊದಲು ಬಾಟಲಿಯ ಮೇಲಿನ ವರ್ಷವನ್ನೂ, ಬಾಟಲಿ ಎಲ್ಲಿ ನಿಂತಿತ್ತೆಂಬುದನ್ನೂ ನೋಡಬೇಕು. ಬಿಳಿ ಮತ್ತು ರೋಸೆ ವೈನ್‌ಗಳು ಆದಷ್ಟು ಈಚಿನ ವರ್ಷದವಾಗಿರಲಿ. ಗಾಜಿನ ಮುಂಭಾಗದ ಬಿಸಿಲಲ್ಲಿ, ದೀಪದ ಕಾವಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿ ಎಷ್ಟೇ ಪ್ರಸಿದ್ಧವಾಗಿದ್ದರೂ ಬೇಡ.

ತಂದ ಬಾಟಲಿಯನ್ನು ಎಷ್ಟು ತಣ್ಣಗೆ ಕೊಡಬೇಕು ಎಂಬಲ್ಲಿ ಹೆಚ್ಚಿನ ಮನೆಗಳು ಎಡವುತ್ತವೆ. ಕೆಂಪು ವೈನ್ ಅನ್ನು ಕೋಣೆಯ ಉಷ್ಣತೆಯಲ್ಲಿಯೇ ಕೊಡಬೇಕೆಂಬ ಸಲಹೆ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನ ಯುರೋಪಿನ ಕಲ್ಲುಮನೆಗಳ ಕಾಲದ್ದು. ಏಪ್ರಿಲ್‌ನ ಬೆಂಗಳೂರಿನಲ್ಲಿ ಕೋಣೆ 28, 30 ಡಿಗ್ರಿಗೆ ಏರಿರುತ್ತದೆ, ಕಲಬುರಗಿಯಲ್ಲಿ ಇನ್ನೂ ಹೆಚ್ಚು. ಆ ಬಿಸಿಯಲ್ಲಿ ಮದ್ಯಸಾರದ ಘಾಟು ಮೇಲೆದ್ದು ಹಣ್ಣಿನ ಪರಿಮಳವನ್ನು ಮುಚ್ಚುತ್ತದೆ, ಖಾರವೂ ಕೆರಳುತ್ತದೆ. ಕೆಂಪು ಬಾಟಲಿಯನ್ನು ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಫ್ರಿಜ್‌ಗೆ ಇಡಬೇಕು. ಬಿಳಿ ವೈನ್ 8ರಿಂದ 10 ಡಿಗ್ರಿಯಲ್ಲಿ ಚೆನ್ನಾಗಿರುವುದರಿಂದ ಅದು ಕೆಲವು ಗಂಟೆಗಳ ಕಾಲ ಫ್ರಿಜ್‌ನಲ್ಲಿದ್ದು ಬಡಿಸುವುದಕ್ಕೆ ಹತ್ತು ನಿಮಿಷ ಮೊದಲು ಹೊರಗೆ ಬರಲಿ. ಮರೆತಿದ್ದರೆ ಬಕೆಟ್‌ಗೆ ಐಸ್ ಜೊತೆ ನೀರನ್ನೂ ಒಂದು ಹಿಡಿ ಉಪ್ಪನ್ನೂ ಹಾಕಿ ಬಾಟಲಿ ಮುಳುಗಿಸಿದರೆ ಕಾಲು ಗಂಟೆಯಲ್ಲಿ ತಣ್ಣಗಾಗುತ್ತದೆ. ನೀರು ಬಾಟಲಿಯ ಮೈಯನ್ನೆಲ್ಲ ಆವರಿಸುತ್ತದೆ, ಉಪ್ಪು ಆ ನೀರು ಶೂನ್ಯಕ್ಕಿಂತ ಕೆಳಗಿಳಿಯಲು ಬಿಡುತ್ತದೆ.

ಪ್ರಮಾಣದ ವಿಚಾರವನ್ನು ಮುಜುಗರವಿಲ್ಲದೆ ಮೊದಲೇ ಲೆಕ್ಕ ಹಾಕಬೇಕು. ಬಾಟಲಿಯೊಂದರಲ್ಲಿ 750 ಮಿಲಿಲೀಟರ್ ಇರುತ್ತದೆ, 125 ಮಿಲಿಲೀಟರ್‌ನ ಆರು ಲೋಟಗಳಾಗುತ್ತವೆ. ಆರು ಮಂದಿಗೆ ಒಂದು ಬಿಳಿ, ಒಂದು ಕೆಂಪು ಬಾಟಲಿ ತಂದರೆ ಪ್ರತಿಯೊಬ್ಬರಿಗೂ ಎರಡು ಲೋಟ. ಶೇ 13ರ ವೈನ್ ಆದರೆ ಅಷ್ಟರಲ್ಲಿ ಸುಮಾರು 25 ಗ್ರಾಂ ಶುದ್ಧ ಮದ್ಯಸಾರ ದೇಹಕ್ಕೆ ಸೇರುತ್ತದೆ. ಆರೋಗ್ಯಕ್ಕೆ ಹಾನಿಯಿಲ್ಲದ ಮದ್ಯದ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ನೆಪ ಮಾಡಿಕೊಂಡು ಯಾರಿಗೂ ಲೋಟ ತುಂಬಬಾರದು. ಭಾರತದ ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ, ಎರಡು ಲೋಟ ವೈನ್ ಅನೇಕರನ್ನು ಆ ಗೆರೆಯ ಆಚೆ ದಾಟಿಸುತ್ತದೆ. ಆದ್ದರಿಂದ ಅತಿಥಿಗಳು ಹೇಗೆ ಹಿಂದಿರುಗುತ್ತಾರೆ ಎಂಬುದೂ ಅಡುಗೆಯ ಪಟ್ಟಿಯಷ್ಟೇ ಮುಂಚಿತವಾಗಿ ತೀರ್ಮಾನವಾಗಿರಲಿ. ಕುಡಿಯದವರಿಗೆ ಪುನರ್ಪುಳಿ ಶರಬತ್ತನ್ನು ಅದೇ ಬಗೆಯ ಲೋಟದಲ್ಲಿ, ಅಷ್ಟೇ ತಣ್ಣಗೆ ಕೊಡಬೇಕು. ಹುಳಿ, ಸ್ವಲ್ಪ ಒಗರು, ಕೆಂಬಣ್ಣ ಮೂರೂ ಇರುವ ಆ ಶರಬತ್ತು ಸಕ್ಕರೆ ಕಡಿಮೆ ಮಾಡಿದರೆ ಪಂದಿ ಕರಿಗೂ ಅಣಬೆಗೂ ಯಾವ ವೈನ್‌ಗೂ ಕಡಿಮೆಯಿಲ್ಲದಂತೆ ಹೊಂದುತ್ತದೆ. ನೀರಿನ ಹೂಜಿ ಊಟದುದ್ದಕ್ಕೂ ಕೈಗೆಟಕುವಂತೆ ಇರಬೇಕು.

ಸಿಹಿ ಬರುವ ಹೊತ್ತಿಗೆ ವೈನ್ ಮುಗಿದಿರಬೇಕು. ಬೆಲ್ಲದ ಹೋಳಿಗೆಯ ಮೇಲೆ ಡ್ರೈ ವೈನ್ ಕುಡಿದರೆ ನಾಲಿಗೆ ಸಿಹಿಗೆ ಒಗ್ಗಿರುವುದರಿಂದ ಅದು ಕೇವಲ ಹುಳಿಯಾಗಿ, ಒಗರಾಗಿ ತೋರುತ್ತದೆ. ಬಾಳೆಹಣ್ಣಿನ ರಸಾಯನ, ಅದಾದ ಮೇಲೆ ಕೊಡಗಿನ ಮನೆಗಳಲ್ಲಿ ಮಾಡುವಂತೆ ಹಾಲಿಲ್ಲದ ಬೆಲ್ಲದ ಕಾಫಿ ಈ ಊಟಕ್ಕೆ ಉಚಿತವಾದ ಕೊನೆ. ಬಾಟಲಿಯಲ್ಲಿ ಉಳಿದ ವೈನ್ ಗಾಳಿಯೊಡನೆ ಬೆರೆತು ಪರಿಮಳ ಕಳೆದುಕೊಳ್ಳುತ್ತ ಹೋಗುತ್ತದೆ, ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದರ ಮದ್ಯಸಾರವನ್ನು ಕ್ರಮೇಣ ವಿನೆಗರ್‌ನ ಆಮ್ಲವಾಗಿಸುತ್ತದೆ. ಕೂಡಲೇ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ, ಕೆಂಪು ವೈನ್ ಸಹ, ಎರಡು ಮೂರು ದಿನ ಕುಡಿಯುವ ಹದದಲ್ಲಿರುತ್ತದೆ. ಕುಡಿಯುವ ಮನಸ್ಸಿಲ್ಲದಿದ್ದರೆ ಈರುಳ್ಳಿ, ಅಣಬೆ ಹುರಿದ ಬಾಣಲೆಗೆ ಒಂದು ಲೋಟ ಸುರಿದು ತಳಕ್ಕೆ ಹಿಡಿದ ಕಂದು ಸಾರವನ್ನು ಕೆರೆದು ಇಂಗಿಸಬಹುದು. ಕುದಿಸಿದರೆ ಮದ್ಯಸಾರವೆಲ್ಲ ಆವಿಯಾಗಿ ಹೋಗುತ್ತದೆಂಬ ನಂಬಿಕೆ ಮಾತ್ರ ತಪ್ಪು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ ಕಾಲು ಗಂಟೆ ಕುದಿಸಿದ ಮೇಲೂ ಶೇ 40ರಷ್ಟು, ಒಂದು ಗಂಟೆಯ ಮೇಲೂ ಶೇ 25ರಷ್ಟು ಅದರಲ್ಲಿ ಉಳಿದಿರುತ್ತದೆ, ಹಾಗಾಗಿ ಮಕ್ಕಳಿಗೂ ಮದ್ಯ ಮುಟ್ಟದವರಿಗೂ ಬಡಿಸುವ ಪಾತ್ರೆಗೆ ಅದನ್ನು ಹಾಕುವಂತಿಲ್ಲ.